ದೇವಕ್ಕನ ಗದ್ದೆಗೆ ನಾನು ಬಿಟ್ಟ ನೀರು

ಅಯ್ಯೋ ಅದಲ್ಲ ಕಣವ್ವ ಅದು, ಆ ಫೋನ್ನ ಮೊದ್ಲು ಕೆಳೀಕ್ ಮಡಗು ಅಂದೆ. ಏನೈತೆ ಅದ್ರಲ್ಲಿ? ಒಂದ್ ಕಡೆ ನೀಲಿ ಬಳ್ದವ್ರೆ, ಒಂದ್ ಕಡೆ ಅಸ್ರು ಬಳ್ದವ್ರೆ, ನಡೂಕೆ ಒಂದ್ ಕರೀ ಗೆರೆ ಎಳ್ದು ಇದೇ ರೈಲು ದಾರಿ ಅಂತ ಬರ್ದವ್ರೆ. ಬರ್ದೋನು ಯಾವಾನು? ಆ ಕೆಸ್ರೊಳಿಕ್ಕೆ ಒಂದಿನ ಕಾಲಿಕ್ಕಿದ್ನಾ? ಇನ್ನೊಂದ್ ಸಲ ಓದು... "ಬೈಲಕೇರಿಯು ಪ್ರಕೃತಿ ಸೌಂದರ್ಯದಿಂದ ಕೂಡಿದ ಪುಟ್ಟ ಕರಾವಳಿ ಗ್ರಾಮವಾಗಿದ್ದು"... ಥೂ, ಸೌಂದರ್ಯ ಅಂತೆ ಸೌಂದರ್ಯ. ನಮ್ ಕಾಲ್ ಬೆರಳ್ ಸಂದೆಲ್ಲ ಕೊಳ್ತೋಗಿತ್ತು ಆ ಸೌಂದರ್ಯದಲ್ಲಿ. ಸಾಲೇಲಿ ಕರಾವಳಿ ಊರು, ಅದ್ರ ರೈಲು ದಾರಿ ಬಗ್ಗೆ ಪ್ರಾಜೆಕ್ಟು ಬರ್ಕಂಡ್ ಬಾ ಅಂದವ್ರೆ, ನೀನು ಮೂರು ದಿನದಿಂದ ಆ ಡಬ್ಬ ಉಜ್ಜುತಾ ಕುಂತಿದೀಯೆ, ಆ ರೈಲೇರಿಗೆ ಮಣ್ಣೊತ್ತ ಅಜ್ಜಿ ಇಲ್ಲೇ ಜಗ್ಲಿ ಮೇಲೆ ನಿನ್ ಎದ್ರುಗೇ ಅವರೆಕಾಯಿ ಸುಲೀತಾ ಕುಂತಿವ್ನಿ, ನನ್ನ ಒಂದ್ ಮಾತು ಕೇಳ್ಬೇಕು ಅಂತ ಅನ್ನಿಸ್ನಿಲ್ವಲ್ಲ ನಿಂಗೆ? ಏನು? ನಾನು ಬೆಸಗರಳ್ಳಿ ದಾಟಿ ಎಲ್ಲೂ ಓಗಿಲ್ಲ ಅನ್ಕಂಡಿದ್ಯಾ? ನೋಡಿದ್ರಾ, ಕೇಳುಸ್ಕಂಡ್ರಾ, ಮಮ್ಮಗ್ಳು ಏಳ್ತಿರೋದ? ಅಲ್ಲಿ ನೋಡು ನಿಮ್ ತಾತ, ಎಲಡಿಕೆ ಆಕ್ಕಂಡು ಅಲ್ಕಿರಿತಾವ್ರೆ. ನಗಿ, ನಗಿ. ಎಲ್ಲಾ ನಿಮ್ಮಿಂದ್ಲೇ ಆಗಿದ್ದು.

ಇತ್ಲಾಗ್ ಬಾ, ಈ ಮೊರ ನೋಡು. ಇದ್ರ ಇಂದ್ಲ ಅಂಚು ಎತ್ರ ಐತಲ್ಲ, ಅದು ಗುಡ್ಡ, ಮೂಡ್ಲಾಗೆ. ಕಾಡು ಗುಡ್ಡ, ಕೆಂಪು ಕಲ್ಲು. ಮುಂದ್ಲ ಬಾಯಿ ಚಪ್ಪಟೆ ಐತಲ್ಲ, ಅದು ಸಮುದ್ರ, ಪಡುವ್ಲಾಗೆ. ಗುಡ್ಡದಿಂದ ಸಮುದ್ರಕ್ಕೆ ಎಷ್ಟು ದೂರ ಅಂತೀಯ? ಇಲ್ಲಿಂದ ಮದ್ದೂರಿಗಿಂತ ಕಮ್ಮಿ ಕಣವ್ವ. ಅಷ್ಟ್ರಲ್ಲೇ ಎಲ್ಲಾ ಇರ್ಬೇಕು, ಊರೂ ಇರ್ಬೇಕು, ತೆಂಗೂ ಇರ್ಬೇಕು, ಗದ್ದೇನೂ ಇರ್ಬೇಕು, ಒಂದ್ ಒಳೇನೂ ಇರ್ಬೇಕು. ಒಳೆ ಗುಡ್ಡದಿಂದ ಇಳ್ದು ಸೀದಾ ಸಮುದ್ರಕ್ಕೆ ಓಗ್ದೆ ಅಲ್ಲೇ ಅಗಲವಾಗಿ ಅಳ್ಳಾಡ್ಕಂಡು ಬಿದ್ದಿರ್ತದೆ, ಆ ಒಳೆ ಪಕ್ಕದಲ್ಲೇ ಗದ್ದೆ. ಗಜನಿ ಅಂತಾರೆ ಆ ಗದ್ದೆಗೆ. ತಗ್ಗು. ಎಷ್ಟು ತಗ್ಗು ಅಂದ್ರೆ ಒಳೇಲಿ ನೀರು ತುಂಬ್ದಾಗ ಗದ್ದೆಗಿಂತ ನೀರೇ ಮೇಲಿರ್ತದೆ, ನಡೂಕೆ ಒಂದ್ ಮಣ್ಣೇರಿ ಇರೋದ್ರಿಂದ ಬಚಾವು. ಈಗ ನೀನು ಏಳು, ಇಂಥಾ ಊರಲ್ಲಿ ರೈಲು ಎಲ್ಲಿಂದ ಓಗ್ಬೇಕು? ಗುಡ್ಡದ್ ಮೇಲೆ ಅತ್ತಕ್ಕಾಗಲ್ಲ, ಸಮುದ್ರದೊಳಿಕ್ ಇಳಿಯಕ್ಕಾಗಲ್ಲ, ಊರ್ ಒಳಗೆ ನುಗ್ಗಿದ್ರೆ ಜನ ಬುಡಲ್ಲ. ಗದ್ದೆ ಮೇಲೇ ಓಗ್ಬೇಕು. ಅದ್ಕೇ ಗುಡ್ಡ ಕಡ್ಯೋದು, ಆ ಮಣ್ಣ ಲಾರೀಲಿ ತಂದು ಗಜನೀಗೆ ಸುರಿಯೋದು, ನಾವು ಬಾಂಡ್ಲೀಲಿ ಒತ್ತು ಅರ್ಡೋದು, ಬಡ್ಯೋದು. ಇವತ್ತು ಆಳುದ್ದ ಆಕಿದ್ ಮಣ್ಣು ಬೆಳಿಗ್ಗೆ ಎದ್ದು ನೋಡಿದ್ರೆ ಮಂಡಿಯುದ್ದ ಇಳ್ದಿರೋದು, ಆ ಕೆಸ್ರು ನುಂಗ್ಬುಡದು. ಮತ್ತೆ ಆಕು. ಮತ್ತೆ ಇಳೀತು. ಮತ್ತೆ ಆಕು. ನಿನ್ ಫೋನಲ್ಲಿ ಐತಾ ಇದು? ಇಲ್ಲ ತಾನೆ?

ಯಾಕೋದೊ ಅಂದ್ರೆ, ಇನ್ಯಾಕೆ, ಅನ್ನಕ್ಕೆ. ನಿಮ್ ತಾತನ್ ಜೊತೆ ಅಣ್ತಮ್ಮದೀರು ನಾಕು ಜನ, ಇದ್ದದ್ದು ಎರಡು ಪಟ್ಟೆ ಗದ್ದೆ, ಅದೂ ನಾಲೆ ಕೊನೇಲಿ. ಮೇಲ್ಗಡೆಯೋರ್ದೆಲ್ಲ ಆಗಿ ಮಿಕ್ಕಿದ್ರೆ ನಮ್ಗೆ ನೀರು. ಆಗ ಪೂರಿಗಾಲಿ ಕಡೆ ಕೆಂಪಣ್ಣ ಅಂತ ಒಬ್ಬ ಮೇಸ್ತ್ರಿ, ಬಾಯಿ ಅಂದ್ರೆ ಬಾಯಿ, ಅವ್ನು ಬಂದು "ಘಾಟಿ ಕೆಳಗೆ ರೈಲು ಕೆಲ್ಸ ಕಣ್ರಪ್ಪ, ಮೀನು ತಿನ್ಕಂಡು ತಂಪಾಗಿರ್ಬೋದು, ತೆಂಗಿನ್ ಮರದ್ ಕೆಳಗೆ ಮನಿಕ್ಕಬೋದು" ಅಂದ. ನಿಮ್ ತಾತ ಕುಣ್ಕಂಡು ಒಪ್ಕಂಡ್ರು. ಏನ್ ಗೊಣಗ್ತಾ ಇದೀರ ಅಲ್ಲಿ? ನಾನೂ ಒಪ್ಕಂಡೆನಾ? ನಾನ್ಯಾವಾಗ ಒಪ್ಕಂಡೆ? ಸರಿ ಬುಡಿ, ಒಪ್ಕಂಡೆ. ನಿಮ್ಮಪ್ಪ ಆಗ ಐದು ವರ್ಸದ್ ಕೂಸು, ಅದ್ನ ನಮ್ಮವ್ವನ ತಾವ ಬುಟ್ಟು, ಒಂದ್ ಮೂಟೆ ರಾಗಿಟ್ಟು ಕಟ್ಕಂಡು, ಹದಿನೈದು ಜನ ಒಂಟೊ. ರಾಗಿಟ್ಟು ಯಾಕೆ ಅಂದ್ರೆ ಅಲ್ಲಿ ರಾಗಿ ಸಿಗಲ್ಲ ಅಂತ ಯಾರೋ ಏಳಿದ್ರು, ಅದೊಂದು ನಿಜ ಏಳಿದ್ರು. ಆ ಇಟ್ಟು ಎಷ್ಟ್ ದಿನ ಬಂತು ಗೊತ್ತಾ? ಇಪ್ಪತ್ ದಿನ. ಆ ತೇವಕ್ಕೆ ಮುಗ್ಗು ಇಡ್ದು ಅಸ್ರುಗಾಯ್ತು. ನಾನು ಮೂಟೆ ಬಿಚ್ಚಿ ನೋಡಿ ಅತ್ತೆ ಕಣವ್ವ, ಕೂಸು ಬುಟ್ ಬಂದಾಗ ಅತ್ತಿರ್ನಿಲ್ಲ, ಇಟ್ಟು ನೋಡಿ ಅತ್ತೆ. ಆಮೇಲೆ ಕುಚ್ಲಕ್ಕಿ ಗಂಜಿ. ಬೆಳಿಗ್ಗೆ ಗಂಜಿ, ಮಧ್ಯಾನ ಗಂಜಿ, ರಾತ್ರಿಗೂ ಅದೇ. ನಿಮ್ ತಾತ ತಟ್ಟೆ ಮುಂದೆ ಕುಂತು "ಮುದ್ದೆ ಎಲ್ಲಿ" ಅಂತ ಕೇಳೋರು, ನನ್ನ ಕೇಳೋರು, ನಾನೇ ಬಚ್ಚಿಟ್ಟಿರೋ ಅಂಗೆ.

ಸರಿ, ಏನೇಳ್ತಿದ್ದೆ? ಆ, ದೇವಕ್ಕ. ನಮ್ ಟೆಂಟು ಇದ್ದದ್ದು ಅವ್ಳ ಗದ್ದೆ ಮಗ್ಗುಲಲ್ಲೇ. ಸುತ್ತಾ ನೀರೋ ನೀರು, ಕುಡಿಯಕ್ ಇಲ್ಲ, ಅಂಥಾ ಜಾಗ. ಸಿಹಿನೀರ್ ಬಾವಿ ಅಂತ ಇದ್ದದ್ದು ಅವ್ಳ ಇತ್ಲಲ್ಲಿ ಒಂದೇ. ಮೊದ್ಲ ದಿನ ನಾನು ಬಿಂದ್ಗೆ ಇಡ್ಕಂಡು ಓಗಿ ಬೇಲಿ ಅತ್ರ ನಿಂತೆ. ಅವ್ಳು, ನಲವತ್ತು ವರ್ಸದ್ ಎಂಗ್ಸು, ಕರ್ರಗೆ ಗಟ್ಟಿ ಆಳು, ನನ್ನ ಮೇಲಿಂದ ಕೆಳಗಂಟ ನೋಡಿ, "ಎಂತ ನಿಂತದ್ದು ಮಾರಾಯ್ತಿ, ಬಾವಿ ಅಲ್ಲಿ ಉಂಟು, ಹಗ್ಗ ಇಲ್ಲಿ ಉಂಟು" ಅಂದ್ಲು. ಅಷ್ಟೇ. ಆವತ್ತಿಂದ ನಾವು ಹದಿನೈದು ಜನಾನೂ ಅವ್ಳ ಬಾವಿ ನೀರೇ ಕುಡ್ದಿದ್ದು. ಗಂಡ ದೋಣಿ ಮೇಲೆ ಓಗೋನು, ತಿಂಗ್ಳುಗಟ್ಲೆ ಇರ್ತಿರ್ನಿಲ್ಲ. ಗದ್ದೆ ಕೆಲ್ಸ ಎಲ್ಲಾ ಇವ್ಳ್ದೇ, ಜೊತೇಲಿ ಒಬ್ಬ ಮುದಿ ಮಾವ, ಸಣ್ಣಪ್ಪಜ್ಜ ಅಂತ. ವರ್ಸಕ್ಕೆ ಒಂದೇ ಬೆಳೆ, ಕಗ್ಗ ಅಂತ ಭತ್ತ, ಅದು ಬಂದ್ರೆ ಮನೇಲಿ ಅನ್ನ, ಬರ್ದಿದ್ರೆ ಅಂಗಡಿ ಅಕ್ಕಿ.

ನಂಗೆ ಅವ್ಳ ಮೇಲೆ ಪ್ರೀತಿ, ಆದ್ರೆ ಅವ್ಳ ಬೇಸಾಯ ನೋಡಿದ್ರೆ ಮೈ ಉರ್ಯೋದು. ಯಾಕೆ ಅಂದ್ರೆ ನಾನ್ಯಾರು? ನೀರ್ಗಂಟಿ ಮಗ್ಳು. ನಮ್ಮಪ್ಪ ನಮ್ಮೂರ ನೀರ್ಗಂಟಿ, ಯಾರ್ ಗದ್ದೆಗೆ ಯಾವಾಗ ನೀರು, ಎಷ್ಟೊತ್ತು ನೀರು, ಎಲ್ಲಾ ಅವ್ನ ಕೈಲಿ. ಗುದ್ಲಿ ಇಡ್ಕಂಡ್ ಬಂದ ಅಂದ್ರೆ ಎಂಥಾ ಗೌಡನೂ ತೂಬಿಂದ ಇಂದ್ಕೆ ಸರ್ಯೋನು. ಸರದಿ ಅಂದ್ರೆ ಸರದಿ. ಈ ದೇವಕ್ಕಂಗೆ ಸರದಿನೂ ಇಲ್ಲ ಒತ್ತೂ ಇಲ್ಲ. ಒಳೆ ಪಕ್ಕದ್ ಮಣ್ಣೇರೀಲಿ ಒಂದು ಬಾಗ್ಲು, ಅದ್ಕೆ ಒಂದರ್ ಮೇಲೊಂದು ಅಲಗೆ ಕೂರ್ಸಿರ್ತಾರೆ, ಅಲಗೆ ತೆಗುದ್ರೆ ನೀರು ಆಡ್ತದೆ, ಆಕುದ್ರೆ ನಿಲ್ತದೆ, ನಮ್ ತೂಬಿನಂಗೇ. ಅದ್ನ ತೆಗ್ಯಕ್ಕೆ ಇವ್ಳು ಇವತ್ತು ಎಂಟು ಗಂಟೆಗೆ ಓದ್ರೆ ನಾಳೆ ಒಂಬತ್ತಕ್ಕೆ, ನಾಳಿದ್ದು ಅತ್ತತ್ರ ಅತ್ತು ಗಂಟೆಗೆ ಓಗೋಳು. ದಿನಾ ದಿನಾ ತಡ. ಸೋಮಾರಿ ಅನ್ಕಂಡೆ ನಾನು. ನನ್ನ ಅತ್ತೆ ಆಗಿದ್ರೆ ಇವ್ಳನ್ನ ಮನೇಲಿ ಮಡೀಕತಿರ್ನಿಲ್ಲ ಅನ್ಕಂಡೆ. ಸಮುದ್ರದ ನೀರು ಏರೋದು ಇಳ್ಯೋದು ದಿನಾ ಮುಕ್ಕಾಲ್ ಗಂಟೆ ತಡ ಆಯ್ತದೆ, ಅವ್ಳು ಅದ್ನ ನೋಡ್ಕಂಡು ಓಯ್ತಾವ್ಳೆ ಅಂತ ನಂಗೇನ್ ಗೊತ್ತು? ನಮ್ ನಾಲೆ ಯಾವತ್ತಾದ್ರೂ ತಿರ್ಕಂಡು ಮೇಲಿಕ್ ಅರ್ದದ್ದು ಉಂಟಾ?

ಗೊತ್ತಿಲ್ದೆ ಇದ್ದದ್ದು ನಂಗೊಬ್ಬಳಿಗೇ ಅಲ್ಲ, ಕೇಳು. ಎಂಜಿನಿಯರ್ ಒಬ್ರು ಜೀಪಲ್ಲಿ ಬರೋರು, ಸಣ್ಣ ವಯ್ಸು, ನಮ್ ಒಳನಾಡು ಕಡೆಯೋರೇ. ರೈಲೇರಿಲಿ ನೀರು ಓಗಕ್ಕೆ ಎರಡು ದೊಡ್ ಪೈಪು ಆಕ್ತೀವಿ ಅಂತ ಅವ್ರ ನಕ್ಸೆ. ಊರೋರು ಪೈಪು ಬೇಡ, ಅಡೀಲಿ ಮೂರು ದೊಡ್ ಕಂಡಿ ಬುಟ್ಟು ಮೂರು ಕಣ್ಣಿನ್ ಸೇತುವೆ ಕಟ್ಟಿ ಅಂತ. ದಿನಾ ಇದೇ ಜಗ್ಳ. ಸಣ್ಣಪ್ಪಜ್ಜ ಕೋಲೂರ್ಕಂಡು ಬಂದು ಜೀಪಿನ್ ಮುಂದೆ ನಿಂತ್ಬುಡೋನು. "ಗುಡ್ಡದ ನೀರು ಎಷ್ಟು ಬರ್ತದೆ ಅಂತ ಲೆಕ್ಕ ಹಾಕಿದೀವಿ ಅಜ್ಜ, ಪೈಪು ಸಾಕು." "ಗುಡ್ಡದ ನೀರು ಹೋದೀತು ತಮ್ಮಾ, ಸಮುದ್ರದ ನೀರು ಉಬ್ಬರಕ್ಕೆ ಒಳಗೆ ಬರ್ತದಲ್ಲ, ಇಳಿತಕ್ಕೆ ಅಷ್ಟೂ ಹೊರಗೆ ಹೋಗ್ಬೇಕಲ್ಲ, ಆರು ತಾಸಲ್ಲಿ ನಿನ್ನ ಪೈಪಲ್ಲಿ ಹೋಗ್ತದಾ? ಹೋಗದಿದ್ರೆ ನಮ್ಮ ಗದ್ದೆ ಎಲ್ಲಾ ಕೊಳೀತದೆ." "ನಕ್ಷೆ ಮೇಲಿಂದ ಪಾಸಾಗಿ ಬಂದಿದೆ ಅಜ್ಜ." "ನಕ್ಷೆ ಪಾಸು ಮಾಡಿದವ ಇಲ್ಲಿಗೆ ಬಂದಿದ್ನಾ?" ಇಂಗೆ. ನಾನು ಬಾಂಡ್ಲಿ ತಲೆ ಮೇಲಿಟ್ಕಂಡು ಕೇಳ್ತಾ ಇದ್ದೆ. ಮನ್ಸಲ್ಲಿ ಎಂಜಿನಿಯರ್ ಪಾರ್ಟಿ ಕಣವ್ವ ನಾನು. ನೀರು ಬಂದ್ರೆ ಓಯ್ತದೆ, ಈ ಮುದುಕಂದೇನ್ ರಗಳೆ ಅಂತ.

ಈಗ ಆ ದಿನಕ್ಕೆ ಬತ್ತೀನಿ. ಮುಂಗಾರು ಚೆನ್ನಾಗಿ ಇಡ್ದಿತ್ತು, ದೇವಕ್ಕ ಬಿತ್ತಿದ್ಲು, ಮೊಳ್ಕೆ ಎದ್ದು ಬೆರಳುದ್ದ ಆಗಿತ್ತು. ಆಮೇಲೆ ಎಂಟು ದಿನ ಮಳೆ ನಿಂತೋಯ್ತು. ಉರಿ ಬಿಸ್ಲು. ಮೇಲ್ಮಣ್ಣು ಬಿರ್ಕು ಬುಟ್ಟು, ಪೈರಿನ್ ತುದಿ ಅಳ್ದಿಗಾಯ್ತಾ ಬಂತು. ಅವತ್ತು ಲಾರಿ ಕೆಟ್ಟು ನಿಂತಿತ್ತು, ನಮ್ಗೆ ಕೆಲ್ಸ ಇಲ್ಲ. ದೇವಕ್ಕ ತವ್ರಿಗೆ ಓಗಿದ್ಲು, ಸಂಜೇಗ್ ಬತ್ತೀನಿ ಅಂತ. ಅಜ್ಜ ಒಳಗೆ ಮನಿಕಂಡಿದ್ದ. ಮಟ ಮಟ ಮಧ್ಯಾನ, ನಾನು ಗದ್ದೆ ಏರಿ ಮೇಲೆ ಓಯ್ತಾ ಇದೀನಿ, ನೋಡಿದ್ರೆ ಒಳೆ ತುಂಬಿ ಆ ಅಲಗೆ ಬಾಗ್ಲಲ್ಲಿ ನೀರು ಎದೆಯುದ್ದ ನಿಂತೈತೆ. ಈ ಕಡೆ ಪೈರು ಬಾಯಿ ಬುಡ್ತಾ ಐತೆ. ನಂಗೆ ತಡ್ಯಕ್ ಆಗ್ನಿಲ್ಲ ಕಣವ್ವ. ನಮ್ಮಪ್ಪ ಕೊನೇ ಗದ್ದೆಗೆ ಒಂದ್ ಕೈಯಗಲ ನೀರು ಎಳ್ದು ತರಕ್ಕೆ ಎಷ್ಟು ಒದ್ದಾಡೋನು, ನಮ್ಮವ್ವ ಅರ್ಧ ಗಂಟೆ ನೀರಿಗೆ ಎಷ್ಟು ಜನರ್ ಕೈಲಿ ಬೈಸ್ಕಂಡವ್ಳೆ, ಇಲ್ಲಿ ನೀರು ಬಾಗ್ಲು ತಟ್ತಾ ನಿಂತೈತೆ, ಈ ಯಮ್ಮ ಅಲಗೆ ಆಕ್ಕಂಡು ತವ್ರಿಗೋಗವ್ಳೆ! ಬಾವಿ ನೀರು ಕೊಟ್ಟೋಳಿಗೆ ನಾನು ಇಷ್ಟಾದ್ರೂ ಮಾಡ್ಬೇಕು ಅನ್ಕಂಡೆ. ಸೀರೆ ಎತ್ತಿ ಕಟ್ಟಿ ಇಳ್ದು ಅಲಗೆ ತೆಗುದ್ಬುಟ್ಟೆ. ಒಂದಲ್ಲ, ಐದೂ.

ನೀರು ನುಗ್ತು ನೋಡು, ಆ ಸದ್ದು ಕೇಳಿ ನಂಗೆ ನಮ್ಮೂರೇ ಕಂಡಂಗಾಯ್ತು. ಏರಿ ಮೇಲೆ ಕುಂತ್ಕಂಡು ನೋಡ್ತಾ ಇದೀನಿ, ಪೈರು ಮುಳುಗ್ತಾ ಬಂತು, ಸಾಕು ಇನ್ನು ಮುಚ್ಚಾಣ ಅಂತ ಇಳ್ದೆ. ಅಲಗೆ ಇಡಕ್ಕೇ ಆಗ್ನಿಲ್ಲ. ಇಟ್ರೆ ನೀರು ಒತ್ತಿ ಒತ್ತಿ ಎಸೀತದೆ. ನಾಲೇಲಿ ಆದ್ರೆ ನೀನು ನೀರು ತಕ್ಕಂಡಂಗೆ ನಾಲೆ ಇಳೀತದೆ, ಇದು ಇಳೀತಾನೇ ಇಲ್ಲ, ಏರ್ತಾ ಐತೆ! ಎಲ್ಲಿಂದ ಬತ್ತಾ ಐತೆ ಅಂತ ತಿರುಗಿ ನೋಡ್ತೀನಿ, ಗುಡ್ಡದ್ ಕಡೆಯಿಂದ ಅಲ್ಲ, ಪಡುವ್ಲಾಗಿಂದ ಬತ್ತಾ ಐತೆ. ಒಂದ್ ಅಲೆ ಮುಖಕ್ಕೆ ಒಡೀತು, ಬಾಯೊಳಿಕ್ ಓಯ್ತು. ಉಪ್ಪು. ಮಳೆ ಉಯ್ತಿದ್ದಾಗ ಅದೇ ಒಳೇಲಿ ಬಟ್ಟೆ ಒಗ್ದಿದ್ದೆ, ಬಾಯ್ಗೂ ಆಕಿದ್ದೆ, ಚಪ್ಪೆ ಇತ್ತು. ಮಳೆ ನಿಂತ ಎಂಟೇ ದಿನಕ್ಕೆ ಸಮುದ್ರ ಒಳೀಕ್ ಬಂದು ಕುಂತೈತೆ. ಆ ಅಲಗೆ ಇಡ್ಕಂಡು ಎಷ್ಟು ಗುದ್ದಾಡ್ದೆ, ಕೈ ಕಿತ್ತೋಯ್ತು, ಆಗ್ನಿಲ್ಲ. ಓಡ್ಬುಟ್ಟೆ. ನಾಚ್ಕೆ ಇಲ್ದೆ ಏಳ್ತೀನಿ, ಅಲಗೆ ಎಲ್ಲಾ ಅಲ್ಲೇ ಬುಟ್ಟು ಟೆಂಟಿಗೆ ಓಡೋದೆ. ಸಂಜೆ ಅಷ್ಟೊತ್ಗೆ ಆ ನೀರು ಬಂದ್ ದಾರೀಲೇ ವಾಪಸ್ ಓಯ್ತು, ಏನೂ ಗೊತ್ತಿಲ್ದೆ ಇರೋ ಅಂಗೆ. ಉಪ್ಪು ಮಾತ್ರ ಗದ್ದೇಲೇ ಬುಟ್ಟೋಯ್ತು.

ಬೆಳಿಗ್ಗೆ ಪೈರು ನೋಡಿದ್ರೆ ಬೇಯ್ಸಿದ್ ಸೊಪ್ಪಾಗಿತ್ತು. ಕಗ್ಗ ಬಲ್ತ್ ಮೇಲೆ ಉಪ್ಪಿಗೆ ಜಗ್ಗಲ್ಲ, ಎಳೇದ್ರಲ್ಲಿ ಉಪ್ಪು ತಾಗುದ್ರೆ ಸತ್ತೋಯ್ತದೆ. ಇದೂ ನಂಗೆ ಅವತ್ತೇ ಗೊತ್ತಾಗಿದ್ದು. ದೇವಕ್ಕ ಏರಿ ಮೇಲೆ ನಿಂತಿದ್ಲು. ಅಳ್ನಿಲ್ಲ. ಅತ್ತಿದ್ರೆ ನಾನು ಓಗಿ ಕಾಲು ಇಡ್ಕತಿದ್ನೋ ಏನೋ. ಊರೋರೆಲ್ಲ ಸೇರುದ್ರು, ಸಣ್ಣಪ್ಪಜ್ಜ ಕೋಲು ಎತ್ತಿ, "ನೋಡಿ, ರೈಲಿನ ಏರಿ ಇನ್ನೂ ಅರ್ಧ ಆಗ್ಲಿಲ್ಲ, ಹೊಳೆ ಒತ್ತಿ ಬಂದು ಹಲಗೆ ಕಿತ್ತು ಹಾಕಿದೆ. ಪೂರ್ತಿ ಆದ್ರೆ ಊರೇ ಹೋಗ್ತದೆ" ಅಂದ. ಅಷ್ಟೇ ಸಾಕಾಯ್ತು. ಎಂಗುಸ್ರು ಮಕ್ಳು ಎಲ್ಲಾ ಬಂದು ನಾವು ಮಣ್ಣಾಕೋ ಜಾಗ್ದಲ್ಲಿ ಚಾಪೆ ಆಸ್ಕಂಡು ಕುಂತ್ಬುಟ್ರು. ಸೇತುವೆ ಕಟ್ಟೋಗಂಟ ಒಂದು ಬಾಂಡ್ಲಿ ಮಣ್ಣು ಬೀಳಕ್ ಬುಡಲ್ಲ ಅಂತ. ಕೆಲ್ಸ ನಿಂತೋಯ್ತು. ನಾನು ಓಗಿ ನಿಮ್ ತಾತಂಗೆ ಏಳ್ದೆ. ಇವ್ರು ಓಗಿ ಮೇಸ್ತ್ರಿಗೆ ಏಳಿದ್ರು. ಬಾಯಲ್ಲಿ ಏನ್ ನಿಲ್ತದೆ ಇವ್ರಿಗೆ? ಮೇಸ್ತ್ರಿ ಕೆಂಪಣ್ಣ ಬೆವ್ತೋದ. "ನಿಂಗವ್ವ, ನಿನ್ ಕಾಲಿಗ್ ಬೀಳ್ತೀನಿ, ಬಾಯಿ ಬುಟ್ಗಿಟ್ಟೀಯ. ಊರೋರ್ಗೆ ಗೊತ್ತಾದ್ರೆ ಬಾವಿ ನೀರು ನಿಂತೋಯ್ತದೆ, ಕಂಟ್ರಾಕ್ಟರ್ಗೆ ಗೊತ್ತಾದ್ರೆ ಹದಿನೈದು ಜನಾನೂ ಊರಿಗೆ" ಅಂದ. ಬಾಯ್ ಮುಚ್ಕಂಡೆ. ಆದ್ರೆ ಬಾವಿಗೆ ಓಗ್ಲೇಬೇಕಲ್ಲ? ಅವ್ಳ ಅಗ್ಗ ಇಡ್ದು ಅವ್ಳ ನೀರು ಸೇದ್ಲೇಬೇಕಲ್ಲ? ಅವ್ಳು "ಬಾ ತಂಗಿ" ಅನ್ನೋಳು. ನಾನು ತಲೆ ಬಗ್ಗಿಸ್ಕಂಡು ಬಿಂದ್ಗೆ ತುಂಬ್ಕಂಡು ಓಡ್ಬತ್ತಿದ್ದೆ.

ಮೂರನೇ ದಿನ ಎಂಜಿನಿಯರ್ ಬಂದ್ರು. ಮುಖ ಸಿಂಡ್ರಸ್ಕಂಡು ಏರಿ ಅಲಗೆ ಎಲ್ಲಾ ನೋಡಿ, ಸೀದಾ ನನ್ ತಾವ ಬಂದ್ರು. "ನಿಮ್ಮ ಟೆಂಟು ಇಲ್ಲೇ ಇದೆಯಲ್ಲಮ್ಮ, ನೀವು ಈ ಊರವರೂ ಅಲ್ಲ, ನಿಜ ಹೇಳಿ. ನೀರು ತಾನೇ ಒತ್ತಿ ಬಂತಾ? ನೀವು ನೋಡಿದ್ರಾ?" ಅಂದ್ರು. ಮೇಸ್ತ್ರಿ ಒಂದ್ ಕಡೆಯಿಂದ ಕಣ್ಣು ಬುಡ್ತಾ ಅವ್ನೆ. ಊರೋರೆಲ್ಲ ನನ್ನೇ ನೋಡ್ತಾವ್ರೆ. ದೇವಕ್ಕ ಮುಂದೇನೇ ನಿಂತವ್ಳೆ. ಊ ಅಂದ್ರೆ ಸುಳ್ಳು, ಇಲ್ಲ ಅಂದ್ರೆ ಇವ್ರ ಸೇತುವೆನೂ ಓಯ್ತದೆ, ನಮ್ಮ ಅನ್ನಾನೂ ಓಯ್ತದೆ. ನಂಗೆ ಎಲ್ಲಿತ್ತೋ ಸಿಟ್ಟು, ಅವ್ರ ಮೇಲೆ ತಿರ್ಗುಬುಟ್ಟೆ. "ಸಾರ್, ಅದೇನ್ ನನ್ನ ಕೇಳ್ತೀರಿ? ನಾನು ಮಂಡ್ಯದ್ ಕಡೆಯೋಳು, ನೀರು ಒಂದೇ ಕಡೆ ಅರೀತದೆ ಅಂತ ಅನ್ಕಂಡಿದ್ದೋಳು, ನಿಮ್ಮಂಗೇ. ಇಲ್ಲಿ ಇಂದ್ಕೆ ಬತ್ತದೆ ಸಾರ್, ಎಂಗೆ ಬತ್ತದೆ ಅಂದ್ರೆ ಐದು ಅಲಗೆ ಇಡ್ಕಂಡ್ರೂ ನಿಲ್ಸಕ್ಕಾಗಲ್ಲ. ನಾನ್ ಏಳೋದ್ ಬೇಡ. ಆ ಜೀಪ್ನ ಅತ್ಲಾಗ್ ನಿಲ್ಸಿ, ಇಲ್ಲಿ ಕುಂತ್ಕಂಡು ನೋಡಿ. ಒಂದೊಪ್ಪೊತ್ತು ಕುಂತ್ಕಳಿ." ಬಾಯಿಗ್ ಬಂದಂಗ್ ಏಳ್ಬುಟ್ಟೆ. ಮೇಸ್ತ್ರಿ ತಲೆ ಮೇಲೆ ಕೈ ಇಟ್ಕಂಡ.

ಆ ಉಡ್ಗ ಕುಂತ್ರು ಕಣವ್ವ! ಅದೊಂದು ಅವ್ರ ದೊಡ್ಡತನ. ಕೊಡೆ ಇಡ್ಕಂಡು ಏರಿ ಮೇಲೆ ಕುಂತ್ರು, ದೇವಕ್ಕ ಬೆಲ್ಲ ನೀರು ತಂದ್ಕೊಟ್ಲು. ಮಧ್ಯಾನ ತಿರುಗ್ದ್ ಮೇಲೆ ಉಬ್ಬರ ಬಂತು, ನಾವು ಮಣ್ಣಾಕದೆ ಬುಟ್ಟಿದ್ದ ಜಾಗ್ದಲ್ಲಿ ನೀರು ಉಬ್ಬಿ ಉಬ್ಬಿ ಒಳೀಕ್ ನುಗ್ಗಿ ಗುಡ್ಡದ್ ಬುಡಗಂಟ ಓಯ್ತು. ಅವ್ರು ಬಗ್ಗಿ ಬಗ್ಗಿ ಕಡ್ಡಿ ನೆಟ್ಟು ಅಳತೆ ತಕ್ಕಂಡ್ರು. ರಾತ್ರಿ ಆದ್ರೂ ಕುಂತಿದ್ದು ಅಷ್ಟೂ ನೀರು ವಾಪಸ್ ಓಗೋದ ನೋಡಿದ್ರು. ಎದ್ದು ಪ್ಯಾಂಟು ಕೊಡವ್ಕಂಡು, ಸಣ್ಣಪ್ಪಜ್ಜಂಗೆ "ಪೈಪು ಸಾಲಲ್ಲ ಅಜ್ಜ" ಅಂದ್ರು. ಇಷ್ಟೇ. ಅದ್ಕೆ ಎಷ್ಟು ಕಾಗ್ದ ಓಡಾಡ್ತು, ಯಾರ್ಯಾರು ಬಂದ್ರು ಅದೆಲ್ಲ ನಂಗೊತ್ತಿಲ್ಲ, ಮೂರು ಕಣ್ಣಿನ್ ಸೇತುವೆ ಪಾಸಾಗಿ ಬಂತು. ಈಗ್ಲೂ ಐತೆ, ಮೇಲೆ ರೈಲು ಓಯ್ತದೆ, ಕೆಳಗೆ ನೀರು ಬತ್ತದೆ ಓಯ್ತದೆ.

ಸೇತುವೆ ಬಂತು ಸರಿ, ದೇವಕ್ಕನ ಪೈರು ಬಂತಾ? ಬೀಜ ಎಲ್ಲಾ ಅವ್ಳು ಬಿತ್ಬುಟ್ಟಿದ್ಲು. ಆ ಕಗ್ಗದ್ ಬೀಜ ಅಂಗಡೀಲಿ ಸಿಗಲ್ಲ, ಮನೇಲಿ ಉಲ್ಲಲ್ಲಿ ಸುತ್ತಿ ಮುಡಿ ಕಟ್ಟಿ ಮಡಗಿರ್ತಾರೆ, ಅದೇ. ಊರೋರು ಮನೆ ಮನೇಲೂ ಮುಡಿ ಬಿಚ್ಚಿ ಒಂದೊಂದ್ ಸೇರು ಕೊಟ್ರು. ಮತ್ತೆ ಮಳೆ ಬಂದು ಉಪ್ಪು ತೊಳ್ದ್ ಮೇಲೆ ತಡವಾಗಿ ಬಿತ್ತುದ್ಲು. ನಾನು ದಿನಾ ಕೋಳಿ ಕೂಗೋ ಒತ್ಗೆ ಎದ್ದು, ರೈಲೇರಿ ಕೆಲ್ಸಕ್ ಓಗೋಕ್ ಮುಂಚೆ ಅವ್ಳ ಗದ್ದೇಲಿ. ಮಣ್ಣೆತ್ತು ಅಂದ್ರೆ ಎತ್ತೋದು, ಕಳೆ ಕೀಳು ಅಂದ್ರೆ ಕೀಳೋದು, ಗುಬ್ಬಿ ಓಡ್ಸು ಅಂದ್ರೆ ಓಡ್ಸೋದು. ನಿಮ್ ತಾತ "ಯಾಕಮ್ಮಿ ಇಷ್ಟು ಸಾಯ್ತೀಯ" ಅನ್ನೋರು. ಇವ್ರಿಗೇನ್ ಗೊತ್ತು ನನ್ ಸಂಕ್ಟ. ಅವ್ಳಿಗೆ ಏಳ್ಬುಡಾಣ ಅಂತ ಎಷ್ಟ್ ಸಲ ಬಾಯಿ ತೆಗ್ದೆ! "ದೇವಕ್ಕ, ನಿನ್ ಅತ್ರ ಒಂದ್ ಮಾತು..." ಅನ್ನೋದ್ರೊಳಗೆ ಅವ್ಳು "ಅದಿರ್ಲಿ ತಂಗಿ, ಆ ಮೂಲೆ ಏರಿ ಕುಸ್ದಿದೆ, ನಾಕು ಬುಟ್ಟಿ ಮಣ್ಣು ಹಾಕು" ಅನ್ನೋಳು. ಇನ್ನೊಂದ್ ದಿನ "ಅಕ್ಕ, ಆವತ್ತು ನೀನು ತವ್ರಿಗ್ ಓಗಿದ್ದಾಗ..." "ಹೌದಾ, ನೆನಪಾಯ್ತು ನೋಡು, ತವರಿಂದ ಬಿದಿರು ತರ್ಬೇಕು, ಬಾ ಹೊತ್ಕೊಳ್ಳಲಿಕ್ಕೆ." ಇಂಗೆ. ಏಳು ತಿಂಗ್ಳು ಇಂಗೆ! ನಾನು ಉಂಡಿದ್ದು ಮೈಗ್ ಅತ್ನಿಲ್ಲ, ಒಣಗಿ ಕಡ್ಡಿಯಾದೆ.

ಬೆಳೆ ಬಂತು. ಪೂರ್ತಿ ಅಲ್ಲ, ಅರ್ಧಕ್ಕಿಂತ ಒಂಚೂರು ಜಾಸ್ತಿ. ಅಷ್ಟೊತ್ಗೆ ಸೇತುವೆ ಕಂಬ ಎದ್ದಿತ್ತು, ನಮ್ಮ ಮಣ್ಣು ಕೆಲ್ಸ ಮುಗ್ದು ನಾವು ಒಂಡೋ ದಿನ ಬಂತು. ಊರೋರೆಲ್ಲ ಸೇರಿ ದೇವಕ್ಕನ ಅಂಗಳ್ದಲ್ಲಿ ಊಟ ಆಕಿದ್ರು, ಹೊಸ ಕಗ್ಗದ ಕೆಂಪನ್ನ, ಮೀನ್ ಸಾರು. ಸಣ್ಣಪ್ಪಜ್ಜ ಎದ್ದು ನಿಂತು, ನಮ್ಮ ದೇವಕ್ಕನ ಗದ್ದೆ ಹೋಯ್ತು, ಅದರಿಂದ ಊರು ಉಳೀತು ಅಂತ ಏನೋ ಏಳಕ್ ಇಡ್ಕಂಡ. ನಂಗೆ ಆ ಅನ್ನ ಬಾಯಿಗ್ ಇಡಕ್ಕಾಗ್ನಿಲ್ಲ. ಎಲೆ ಮುಂದಿಂದ ಎದ್ ನಿಂತ್ಬುಟ್ಟೆ. "ಒಳೆ ಅಲ್ಲ, ನಾನೇ ಕಣ್ರಪ್ಪ! ಅಲಗೆ ತೆಗ್ದೋಳು ನಾನು! ಬಿಸ್ಲಿಗೆ ಒಣಗ್ತದೆ ಅಂತ ನಾನೇ ನೀರ್ ಬುಟ್ಟೆ, ಓಡೋಗ್ಬುಟ್ಟೆ, ಏಳ್ನಿಲ್ಲ. ಏನ್ ಮಾಡ್ತಿರೋ ಮಾಡಿ" ಅಂತ ಅಳ್ತಾ ಕೂಗ್ಬುಟ್ಟೆ. ನಿಮ್ ತಾತ ನನ್ ಸೆರಗು ಎಳೀತಾವ್ರೆ, ಮೇಸ್ತ್ರಿ ಎದ್ದು ಗಂಟು ಇಡ್ಕಂಡವ್ನೆ ಓಡಕ್ಕೆ.

ಯಾರೂ ಬೈನಿಲ್ಲ. ಮಕ್ಳು ಕಿಸಕ್ಕಂತ ನಕ್ವು. ದೇವಕ್ಕ ಸಾರಿನ್ ಸೌಟು ಕೈಲಿ ಇಡ್ಕಂಡೇ, "ಕೂತ್ಕೋ ತಂಗಿ, ಅನ್ನ ಆರ್ತದೆ. ಅದು ಊರಿಗೆಲ್ಲ ಗೊತ್ತುಂಟು" ಅಂದ್ಲು. ಎಂಗೆ ಗೊತ್ತು, ಯಾರ್ ನೋಡಿದ್ರು ಅಂದ್ರೆ, "ನೋಡ್ಬೇಕಾ? ಹೊಳೆ ಹಲಗೆ ಕಿತ್ರೆ ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂವಿಟ್ಟು ಹೋಗ್ತದಾ ಮಾರಾಯ್ತಿ?" ಅಂದ್ಲು. ಅಯ್ಯೋ ಸಿವ್ನೆ! ನಮ್ಮಪ್ಪ ತೂಬು ಎತ್ತೋ ಮುಂಚೆ ಗಂಗಮ್ಮಂಗೆ ಅರ್ಸಿಣ ಕುಂಕ್ಮ ಇಟ್ಟು, ಒಂದು ಹೂ ಮಡಗಿ, ಕೈ ಮುಗ್ದೇ ಎತ್ತೋನು. ನನ್ ಕೈ ಅದ್ನ ತನ್ ಪಾಡಿಗೆ ತಾನು ಮಾಡ್ಬುಟ್ಟಿತ್ತು, ಸೆರಗಿನ್ ಗಂಟಲ್ಲಿ ಇತ್ತಲ್ಲ ಅರ್ಸಿಣ ಕುಂಕ್ಮ, ತಲೇಲಿ ಹೂ. ನಂಗೆ ನೆಪ್ಪೇ ಇರ್ನಿಲ್ಲ ಕಣವ್ವ! "ಎಂಜಿನಿಯರ್ ಬರೋ ಮೊದ್ಲು ನಾನೇ ತೊಳ್ದೆ" ಅಂದ್ಲು. ಅಜ್ಜ ಬೊಚ್ಚು ಬಾಯಲ್ಲಿ ನಗ್ತಾ, "ನೀ ಬಾಯಿ ಬಿಟ್ಟಿದ್ರೆ ಸೇತುವೆ ಹೋಗ್ತಿತ್ತು ಮಗಾ" ಅಂದ.

ನಂಗೆ ಅಳೂ ಬಂತು, ಸಿಟ್ಟು ಅದ್ಕಿಂತ ಜಾಸ್ತಿ ಬಂತು. ಅಲ್ಲಾ, ಸೇತುವೆ ಪಾಸಾದ್ ಮೇಲಾದ್ರೂ ಏಳ್ಬೋದಿತ್ತಲ್ಲಕ್ಕ, ನಾನು ಇಷ್ಟು ದಿನ ಒಳೊಳ್ಗೇ ಸಾಯ್ತಿದ್ದೆ, ನೀನು ನೋಡ್ಕಂಡು ಸುಮ್ಕಿದ್ಯಲ್ಲ ಅಂತ ಕೇಳ್ಬುಟ್ಟೆ. ದೇವಕ್ಕ ನನ್ ಎಲೆಗೆ ಇನ್ನೊಂದ್ ಸೌಟು ಸಾರು ಬುಟ್ಟು, "ನೀ ಹೇಳಿದ್ರೆ ನಾ ನಾಕು ಮಾತು ಬೈಬೇಕಾಗ್ತಿತ್ತು. ಬೈಸ್ಕೊಂಡು ನೀ ಹಗುರಾಗಿ ಹೋಗಿ ಮಲಗ್ತಿದ್ದೆ. ಗದ್ದೆಗೆ ಮಣ್ಣು ಯಾರು ಎತ್ತೋರು?" ಅಂದ್ಲು. ನೋಡ್ದಾ ಆ ಯಮ್ಮನ್ ಬುದ್ಧೀನ? ಏಳು ತಿಂಗ್ಳು ದುಡುಸ್ಕಂಡ್ಲು ಕಣವ್ವ ನನ್ನ, ಒಂದು ಮಾತೂ ಬೈಯ್ದಂಗೆ! ಅದ್ಕೇ ಏಳ್ತೀನಿ, ಬರ್ಕ, ಇದ್ನೂ ಬರ್ಕ ನಿನ್ ಪ್ರಾಜೆಕ್ಟಲ್ಲಿ. ತಪ್ಪು ಮಾಡಿದ್ರೆ ಅವತ್ತೇ ಓಗಿ ಬೈಸ್ಕಂಡ್ ಬಂದ್ಬುಡಿ. ಎಲ್ಲಾರ್ಗೂ ಗೊತ್ತಿರ್ತದೆ, ಯಾರ್ಗೂ ಗೊತ್ತಿಲ್ಲ ಅನ್ಕಂಡು ಮಣ್ಣೊರೋರು ನೀವೊಬ್ರೇ.